ದೆವ್ವದ ಬಾಡಿಗೆ ತಕರಾರು: ಯಹೂದಿ ವಲಸಿಗರ ಲೋಕದಲ್ಲಿ ಮಕ್ಕಳ ಫ್ಯಾಂಟಸಿ ಬರೆಯುವ ಬಗೆ

1907ರ ಡಿಸೆಂಬರ್ ಕೊನೆಯಲ್ಲಿ ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್‌ನ ಸಾವಿರಾರು ಕುಟುಂಬಗಳು, ಹೆಚ್ಚಿನವರು ಯಹೂದಿ ವಲಸಿಗರು, ಬಾಡಿಗೆ ಇಳಿಸದ ಹೊರತು ಒಂದು ಕಾಸೂ ಬಿಚ್ಚುವುದಿಲ್ಲ ಎಂದು ಪಟ್ಟು ಹಿಡಿದು ಕೂತವು. ಅದಕ್ಕೂ ಇನ್ನೂರು ಚಿಲ್ಲರೆ ವರ್ಷ ಹಿಂದೆ ಪೋಲೆಂಡಿನ ಪೊಜ್ನಾನ್ ಊರಿನಲ್ಲಿ, ಒಂದು ಕಲ್ಲುಮನೆಯ ನೆಲಮಾಳಿಗೆ ತಮಗೆ ಸೇರಬೇಕೆಂದು ದೆವ್ವಗಳೇ ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ, ನ್ಯಾಯಪೀಠದ ಮುಂದೆ ವಾದ ಮಂಡಿಸಿದವಂತೆ. 1705ರಲ್ಲಿ ಅಚ್ಚಾದ ಒಂದು ಹೀಬ್ರೂ ನೀತಿಗ್ರಂಥ ಇದನ್ನು ನಡೆದ ಸಂಗತಿಯೆಂದೇ ವಿವರಿಸುತ್ತದೆ. ಒಂದು ಕಡೆ ಬಾಡಿಗೆ ಕೊಡದ ಮನುಷ್ಯರು, ಇನ್ನೊಂದು ಕಡೆ ಮನೆ ಬಿಡದ ದೆವ್ವಗಳು. ಇವೆರಡನ್ನೂ ಒಂದೇ ಕಟ್ಟಡದೊಳಗೆ ತಂದರೆ ಹತ್ತರಿಂದ ಹದಿನಾಲ್ಕು ವರ್ಷದ ಓದುಗರಿಗೆ ಒಂದು ಕಾದಂಬರಿ ಸಿಕ್ಕಂತೆ.

ಇಂಥ ಕಾದಂಬರಿ ಬರೆಯಲು ಹೊರಟವರಿಗಾಗಿ ಈ ಲೇಖನ. ಈ ಬಗೆಯ ಕಥೆಗಳಲ್ಲಿ ಸಾಮಾನ್ಯವಾಗಿ ಸೋಲುವುದು ಒಂದೇ ಕಡೆ. ಚರಿತ್ರೆ ನಾಟಕದ ಪರದೆಯಂತೆ ಹಿಂದೆ ತೂಗಾಡುತ್ತಿರುತ್ತದೆ, ದೆವ್ವ ಎಲ್ಲಿಂದಲೋ ಬಂದು ಮುಂದೆ ಕುಣಿಯುತ್ತದೆ, ಎರಡಕ್ಕೂ ಸಂಬಂಧವೇ ಇರುವುದಿಲ್ಲ. ಯಹೂದಿ ಜಾನಪದದಲ್ಲಿ ದೆವ್ವಕ್ಕೂ ಕಟ್ಟುಪಾಡಿದೆ. ಊರು ಬಿಟ್ಟು ಬಂದಾಗ ಆ ಕಟ್ಟುಪಾಡಿನ ಗತಿ ಏನಾಯಿತು ಎಂದು ಕೇಳಿಕೊಂಡರೆ ಅಲ್ಲಿಂದ ಕಥೆ ಹೊರಡುತ್ತದೆ. ಮುಂದಿನ ಹೆಜ್ಜೆಗಳೆಲ್ಲ ಈ ಪ್ರಶ್ನೆಗಾಗಿ ಮಾಡಿಕೊಳ್ಳುವ ತಯಾರಿ.

ಮೊದಲು ವರ್ಷ ಗಟ್ಟಿ ಮಾಡಿಕೊಳ್ಳಿ

‘ನೂರು ವರ್ಷದ ಹಿಂದೆ’ ಎಂದು ಬರೆದು ಜಾರಿಕೊಳ್ಳಬೇಡಿ. 1881ರಲ್ಲಿ ಝಾರ್ ಎರಡನೇ ಅಲೆಕ್ಸಾಂಡರನ ಕೊಲೆಯಾಯಿತು. ಅದರ ಬೆನ್ನಿಗೇ ರಷ್ಯಾ ಸಾಮ್ರಾಜ್ಯದಲ್ಲಿ ಯಹೂದಿಗಳ ಮೇಲೆ ಗುಂಪುದಾಳಿಗಳು, ಅಂದರೆ ಪೊಗ್ರೋಮ್‌ಗಳು ಶುರುವಾದವು. ಆಗಿನಿಂದ 1924ರಲ್ಲಿ ಅಮೆರಿಕ ಕೋಟಾ ಕಾನೂನು ತಂದು ಬಾಗಿಲು ಹಾಕುವವರೆಗೆ ಪೂರ್ವ ಯುರೋಪಿನಿಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಯಹೂದಿಗಳು ಆ ದೇಶ ಸೇರಿದರು. ಎಲ್ಲರೂ ದಾಳಿಗೆ ಹೆದರಿಯೇ ಓಡಿದವರಲ್ಲ. ಹೊಟ್ಟೆಪಾಡು, ಕಾರ್ಖಾನೆಯ ಮಾಲು ಬಂದು ಕೈಕಸುಬು ಕೆಟ್ಟದ್ದು, ಝಾರ್‌ನ ಸೈನ್ಯಕ್ಕೆ ಕಡ್ಡಾಯ ಭರ್ತಿ, ಮೊದಲೇ ಹೋದ ಅಣ್ಣ ಕಳಿಸಿದ ಟಿಕೆಟ್, ಹೀಗೆ ಕಾರಣ ಮನೆಗೊಂದು. ನಿಮ್ಮ ಕುಟುಂಬ ಯಾವ ಕಾರಣಕ್ಕೆ ಹೊರಟಿತು ಎಂಬುದನ್ನು ಒಂದೇ ಸಾಲಿನಲ್ಲಿ ಬರೆದಿಡಿ.

ವರ್ಷ ಬದಲಾದರೆ ಕಥೆಯೇ ಬದಲಾಗುತ್ತದೆ. ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ವಲಸಿಗರ ತಪಾಸಣೆ ಕೇಂದ್ರ ತೆರೆದದ್ದು 1892ರ ಜನವರಿ 1ರಂದು. ಮರದ ಆ ಕಟ್ಟಡ 1897ರಲ್ಲಿ ಸುಟ್ಟುಹೋಯಿತು, ಇಟ್ಟಿಗೆಯದು ಬಾಗಿಲು ತೆರೆದದ್ದು 1900ರ ಡಿಸೆಂಬರಿನಲ್ಲಿ. ನಿಮ್ಮ ನಾಯಕಿ 1898ರಲ್ಲಿ ಆ ದೊಡ್ಡ ಹಜಾರದಲ್ಲಿ ನಿಂತಿದ್ದರೆ ಕಥೆ ಅಲ್ಲೇ ಬಿತ್ತು. 1902ರ ಮೇ ತಿಂಗಳಲ್ಲಿ ಕೋಷರ್ ಮಾಂಸದ, ಅಂದರೆ ಯಹೂದಿ ಆಹಾರ ನಿಯಮಕ್ಕೆ ಒಪ್ಪುವ ಮಾಂಸದ ಬೆಲೆ ಪೌಂಡಿಗೆ 12 ಸೆಂಟ್‌ನಿಂದ 18ಕ್ಕೆ ಏರಿದಾಗ ಹೆಂಗಸರು ಬೀದಿಗಿಳಿದು ಕಟುಕರ ಅಂಗಡಿಗಳನ್ನು ಮುಚ್ಚಿಸಿದರು. 1903ರ ವಸಂತದಲ್ಲಿ ರಷ್ಯಾ ಸಾಮ್ರಾಜ್ಯದ ಕಿಶಿನೇವ್ ನಗರದಲ್ಲಿ ಯಹೂದಿಗಳ ಹತ್ಯಾಕಾಂಡ ನಡೆಯಿತು. 1909ರ ನವೆಂಬರಿನಲ್ಲಿ ಕ್ಲಾರಾ ಲೆಮ್ಲಿಚ್ ಎಂಬ ಯುವತಿ ಕೂಪರ್ ಯೂನಿಯನ್ ಕಾಲೇಜಿನಲ್ಲಿ ಸೇರಿದ್ದ ಸಭೆಯಲ್ಲಿ ಎದ್ದು ಪೂರ್ವ ಯುರೋಪಿನ ಯಹೂದಿಗಳ ಮನೆಮಾತಾದ ಯಿದ್ದಿಶ್ ಭಾಷೆಯಲ್ಲಿ ಮಾತಾಡಿ ಹೊಲಿಗೆ ಹುಡುಗಿಯರ ಮುಷ್ಕರಕ್ಕೆ ಕಿಡಿ ಹಚ್ಚಿದಳು. 1911ರ ಮಾರ್ಚ್ 25ರಂದು ಟ್ರಯಾಂಗಲ್ ಎಂಬ ಹೊಲಿಗೆ ಕಾರ್ಖಾನೆಯ ಬೆಂಕಿಯಲ್ಲಿ 146 ಜನ ಸತ್ತರು.

ಇವೆಲ್ಲ ಎಲ್ಲರೂ ಎತ್ತಿಕೊಳ್ಳುವ ಘಟನೆಗಳು. ಮಕ್ಕಳ ಕಥೆಗೆ ಇವಕ್ಕಿಂತ ಒಳ್ಳೆಯದು 1906ರ ಜೂನ್ ತಿಂಗಳಿನದು ಎಂದು ನನಗೆ ಅನ್ನಿಸುತ್ತದೆ. ಶಾಲೆಗಳಲ್ಲಿ ವೈದ್ಯರು ಮಕ್ಕಳ ಗಂಟಲಿನ ಅಡೆನಾಯ್ಡ್ ಎಂಬ ಗಂಟುಗಳನ್ನು ತೆಗೆಯುತ್ತಿದ್ದರು. ‘ಮಕ್ಕಳ ಕತ್ತು ಕೊಯ್ಯುತ್ತಿದ್ದಾರೆ’ ಎಂದು ಬೀದಿಯಲ್ಲಿ ಪುಕಾರು ಎದ್ದಿತು. ತಾಯಂದಿರು ಶಾಲೆಗಳಿಗೆ ಮುತ್ತಿಗೆ ಹಾಕಿದರು. ಕಿಶಿನೇವ್ ಸುದ್ದಿ ಕೇಳಿ ಮೂರು ವರ್ಷವಾಗಿತ್ತಷ್ಟೆ. ಆ ತಾಯಂದಿರನ್ನು ಮೂಢರೆಂದು ಬರೆಯುವುದು ಸುಲಭ. ಒಳಗೆ ಸುರಕ್ಷಿತವಾಗಿ ಕೂತಿರುವ, ಹೊರಗೆ ಅಮ್ಮನ ಚೀರಾಟ ಕೇಳುತ್ತಿರುವ, ಎರಡೂ ಕಡೆಯ ಭಾಷೆ ಅರ್ಥವಾಗುವ ಒಂದು ಮಗುವನ್ನು ಅಲ್ಲಿ ಕೂರಿಸಿ ನೋಡಿ.

ನಮ್ಮ ಮಾದರಿಗೆ 1907ರ ಬಾಡಿಗೆ ಮುಷ್ಕರವನ್ನೇ ಇಟ್ಟುಕೊಳ್ಳೋಣ. ಆ ವರ್ಷದ ಆರ್ಥಿಕ ಕುಸಿತದಿಂದ ಜನ ಕೆಲಸ ಕಳೆದುಕೊಂಡಿದ್ದರು. ಟ್ರಯಾಂಗಲ್ ಕಾರ್ಖಾನೆಯಲ್ಲೇ ದುಡಿಯುತ್ತಿದ್ದ ಪಾಲಿನ್ ನ್ಯೂಮನ್ ಎಂಬ ಹರೆಯದ ಹುಡುಗಿ ಮನೆಮನೆ ಹತ್ತಿಳಿದು ಹೆಂಗಸರನ್ನು ಒಟ್ಟುಗೂಡಿಸಿದ್ದಳು. ಆರ್ಚರ್ಡ್ ಸ್ಟ್ರೀಟಿನ ಒಂದು ವಠಾರ, ಹನ್ನೆರಡು ವರ್ಷದ ಹುಡುಗಿ, ಹೆಸರು ಫೇಗೆ. ಇಷ್ಟು ಸಾಕು.

ಹಡಗಿನ ದಾರಿಯಲ್ಲಿ ಸಿನಿಮಾ ನಂಬಬೇಡಿ

‘ಎಲ್ಲಿಸ್ ದ್ವೀಪದ ಗುಮಾಸ್ತ ಹೆಸರು ಬದಲಾಯಿಸಿಬಿಟ್ಟ’ ಎಂಬ ದೃಶ್ಯ ನಿಮ್ಮ ಕರಡಿನಲ್ಲಿದ್ದರೆ ಈಗಲೇ ಹೊಡೆದುಹಾಕಿ. ಅಲ್ಲಿನ ಅಧಿಕಾರಿಗಳ ಕೈಯಲ್ಲಿ ಇರುತ್ತಿದ್ದುದು ಹಡಗು ಹೊರಟ ಬಂದರಿನಲ್ಲೇ ತುಂಬಿದ ಪ್ರಯಾಣಿಕರ ಪಟ್ಟಿ. ಅದನ್ನು ತಾಳೆ ನೋಡುವುದಷ್ಟೇ ಅವರ ಕೆಲಸ. ಹೆಸರುಗಳನ್ನು ಬದಲಾಯಿಸಿಕೊಂಡವರು ವಲಸಿಗರೇ, ಅದೂ ಆಮೇಲೆ, ಶಾಲೆಗೋ ಕೆಲಸಕ್ಕೋ ಅನುಕೂಲವಾಗಲಿ ಎಂದು.

ನಿಜವಾಗಿ ಅಲ್ಲಿ ನಡೆಯುತ್ತಿದ್ದುದೇ ಸಾಕಷ್ಟು ವಿಚಿತ್ರವಾಗಿತ್ತು. ಮೊದಲ, ಎರಡನೇ ದರ್ಜೆಯವರ ತಪಾಸಣೆ ಹಡಗಿನಲ್ಲೇ ಮುಗಿಯುತ್ತಿತ್ತು. ತಳದಲ್ಲಿ ಕುರಿಮಂದೆಯಾಗಿ ಬಂದವರು ಮಾತ್ರ ದ್ವೀಪಕ್ಕಿಳಿದು ಮೆಟ್ಟಿಲು ಹತ್ತಬೇಕು. ಹತ್ತುವಾಗಲೇ ಯಾರು ಏದುಸಿರು ಬಿಡುತ್ತಾರೆ, ಯಾರು ಕುಂಟುತ್ತಾರೆ ಎಂದು ವೈದ್ಯರು ನೋಡುತ್ತಿದ್ದರು. ಅನುಮಾನ ಬಂದರೆ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಇಂಗ್ಲಿಷ್ ಅಕ್ಷರ ಬೀಳುತ್ತಿತ್ತು. ಹೃದಯಕ್ಕೊಂದು, ಕಣ್ಣಿಗೊಂದು, ಕಾಲಿಗೊಂದು. ಕೋಟನ್ನೇ ತಿರುವಿ ಹಾಕಿಕೊಂಡು ದಾಟಿದವರೂ ಇದ್ದರು. ಟ್ರಕೋಮಾ ಎಂಬ ಕಣ್ಣಿನ ರೋಗ ಪತ್ತೆಹಚ್ಚಲು, ಬೂಟಿನ ಗುಂಡಿ ಹಾಕುವ ಕೊಕ್ಕೆಯಿಂದ ರೆಪ್ಪೆ ಮಗುಚಿ ನೋಡುತ್ತಿದ್ದರು. ರೋಗ ಕಂಡರೆ ವಾಪಸ್ ಹಡಗು.

‘ಇಲ್ಲಿ ನಿಮಗಾಗಿ ಕೆಲಸ ಕಾದಿದೆಯೇ?’ ಎಂಬ ಪ್ರಶ್ನೆಯಂತೂ ಒಗಟು. ಹೌದು ಎಂದರೆ ಮಾಲೀಕರು ಹೊರಗಿನಿಂದ ಕೂಲಿಗಳನ್ನು ಗುತ್ತಿಗೆಯಲ್ಲಿ ತರುವುದನ್ನು ನಿಷೇಧಿಸಿದ 1885ರ ಕಾನೂನು ಅಡ್ಡ ಬರುತ್ತದೆ. ಕೈಯಲ್ಲಿ ಕಸುಬೂ ಇಲ್ಲ ಕಾಸೂ ಇಲ್ಲ ಎಂದರೆ ಸರ್ಕಾರಕ್ಕೆ ಹೊರೆಯಾಗುವವನು ಎಂಬ ಹಣೆಪಟ್ಟಿ. ದುಡಿಯಬಲ್ಲೆ, ಆದರೆ ಕೆಲಸ ಗೊತ್ತಾಗಿಲ್ಲ ಎನ್ನಬೇಕು. ಜಾನಪದ ಕಥೆಯಲ್ಲಿ ದ್ವಾರಪಾಲಕ ಕೇಳುವ ಪ್ರಶ್ನೆ ಹೀಗೇ ಇರುತ್ತದೆ, ಉತ್ತರ ತಪ್ಪಿದವನು ಹಿಂದಿರುಗಿ ಬರುವುದಿಲ್ಲ. ಈ ದೃಶ್ಯಕ್ಕೆ ಮಾಯಾಮಂತ್ರ ಸೇರಿಸುವ ಅಗತ್ಯವೇ ಇಲ್ಲ.

ಮನೆಯನ್ನು ನೆಲದ ಮೇಲೆ ಬರೆದು ನೋಡಿ

ಆರ್ಚರ್ಡ್ ಸ್ಟ್ರೀಟಿನ 97ನೇ ನಂಬರಿನ ಕಟ್ಟಡ ಈಗ ವಸ್ತುಸಂಗ್ರಹಾಲಯ. 1863ರಲ್ಲಿ ಕಟ್ಟಿದ್ದು. ಅಲ್ಲಿನ ಒಂದೊಂದು ಮನೆ ಸುಮಾರು 325 ಚದರ ಅಡಿ, ಮೂರು ಕೋಣೆ, ಹೊರಗಿನ ಗಾಳಿಬೆಳಕು ನೇರವಾಗಿ ಬರುವುದು ಒಂದೇ ಕೋಣೆಗೆ. ನಿಮ್ಮ ಮನೆಯ ತಾರಸಿಯಲ್ಲಿ ಸೀಮೆಸುಣ್ಣದಿಂದ 18 ಅಡಿಗೆ 18 ಅಡಿ ಚೌಕ ಎಳೆಯಿರಿ. ಆಕಾರ ಅದೇ ಅಲ್ಲದಿದ್ದರೂ ಅಳತೆ ಸಿಗುತ್ತದೆ. ಮೂರು ಪಾಲು ಮಾಡಿ. ಅದರೊಳಗೆ ಕಲ್ಲಿದ್ದಲ ಒಲೆ, ಹೊಲಿಗೆ ಯಂತ್ರ, ಅರ್ಧ ಹೊಲಿದ ಬಟ್ಟೆಗಳ ಗಂಟು, ಅಪ್ಪ ಅಮ್ಮ, ನಾಲ್ಕು ಮಕ್ಕಳು ಇರಲಿ. ಬಾಡಿಗೆ ಹೊಂದಿಸಲು ಇಟ್ಟುಕೊಂಡ ಹೊರಗಿನ ಬೋರ್ಡರ್ ಒಬ್ಬನಿಗೂ ಜಾಗ ಮಾಡಿ. ಅವನು ಎಲ್ಲಿ ಮಲಗುತ್ತಾನೆ? ಫೇಗೆ ಗುಟ್ಟಾಗಿ ಅಳಬೇಕೆಂದರೆ ಎಲ್ಲಿ ಹೋಗುತ್ತಾಳೆ? ಮಕ್ಕಳ ಫ್ಯಾಂಟಸಿಯಲ್ಲಿ ನಾಯಕ ನಾಯಕಿಯರಿಗೆ ತಮ್ಮದೇ ಒಂದು ಕೋಣೆ, ಕಿಟಕಿ, ಒಂಟಿತನ ಸಿಕ್ಕೇ ಸಿಗುತ್ತದೆ. ಇಲ್ಲಿ ಅದು ಇಲ್ಲ. ಗುಟ್ಟು ಕಾಪಾಡುವುದೇ ಸಾಹಸ. ಬಾಯಿ ಬಿಡದೆ ದೆವ್ವದ ಜೊತೆ ಮಾತಾಡುವುದು ಹೇಗೆಂದು ಅವಳು ಕಲಿಯಬೇಕಾಗುತ್ತದೆ.

1901ರ ವಠಾರ ಕಾನೂನು ಬರುವವರೆಗೆ ಇಂಥ ಎಷ್ಟೋ ಕಟ್ಟಡಗಳಲ್ಲಿ ಕಕ್ಕಸು ಹಿತ್ತಲಿನಲ್ಲಿತ್ತು. ಇದನ್ನು ಹೇಳಲು ಕಾರಣವಿದೆ. ಕಕ್ಕಸಿನಲ್ಲಿ ವಾಸಿಸುವ ಒಂದು ದೆವ್ವದ ಪ್ರಸ್ತಾಪ ಯಹೂದಿಗಳ ಪ್ರಾಚೀನ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮೂದಿನಲ್ಲೇ ಇದೆ. ಕಕ್ಕಸು ಕಟ್ಟಡದ ಒಳಗೆ ಬಂದಾಗ ಅದರ ಪಾಡೇನಾಗಿರಬಹುದು? ಹತ್ತು ವರ್ಷದ ಓದುಗರಿಗೆ ಇದಕ್ಕಿಂತ ಖುಷಿಯ ಪ್ರಶ್ನೆ ಇನ್ನೊಂದಿಲ್ಲ.

ಒಂದೇ ಒಂದು ದೆವ್ವ ಆರಿಸಿ, ಅದರ ಕಟ್ಟುಪಾಡು ಕಲಿಯಿರಿ

ಇಲ್ಲಿ ನಿಧಾನಿಸಿ. ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದರೆ ರುಚಿಯಿಲ್ಲ.

ಗೋಲೆಮ್, ಅಂದರೆ ಮಣ್ಣಿನಿಂದ ಮಾಡಿದ ಮೂಕ ಆಳು, ಎಲ್ಲರ ಕಣ್ಣಿಗೂ ಮೊದಲು ಬೀಳುತ್ತಾನೆ. ನನ್ನ ಸಲಹೆ: ಅವನನ್ನು ಬಿಟ್ಟುಬಿಡಿ. ಬಳಸಿ ಬಳಸಿ ಸವೆದಿದ್ದಾನೆ. ಜೊತೆಗೊಂದು ಕಾಲದ ಬಲೆಯೂ ಇದೆ. ಪ್ರಾಗ್ ನಗರದ ರಬ್ಬಿ ಲೋವ್ 1609ರಲ್ಲಿ ತೀರಿಕೊಂಡರು, ಗೋಲೆಮ್ ಕಥೆ ಅವರ ಹೆಸರಿಗೆ ಅಂಟಿದ್ದು 19ನೇ ಶತಮಾನದಲ್ಲಿ. ಯಹೂದಿಗಳು ಕ್ರೈಸ್ತ ಮಕ್ಕಳನ್ನು ರಕ್ತಕ್ಕಾಗಿ ಕೊಲ್ಲುತ್ತಾರೆಂಬ ಸುಳ್ಳು ಆರೋಪದಿಂದ ಗೋಲೆಮ್ ಜನರನ್ನು ಕಾಪಾಡಿದ ಎಂಬ ಈಗಿನ ಜನಪ್ರಿಯ ರೂಪ ಹರಡಿದ್ದು 1909ರಲ್ಲಿ ಪ್ರಕಟವಾದ ಒಂದು ಪುಸ್ತಕದಿಂದ. 1907ರ ಅಜ್ಜಿ ಆ ಕಥೆಯನ್ನು ವಿವರವಾಗಿ ಹೇಳುತ್ತಿದ್ದರೆ ತಿಳಿದವರು ನಗುತ್ತಾರೆ.

ದಿಬ್ಬುಕ್ ಎಂದರೆ ಸತ್ತವರ ಅಲೆಯುವ ಆತ್ಮ, ಬದುಕಿದವರ ಮೈಗೆ ಅಂಟಿಕೊಳ್ಳುತ್ತದೆ. ಅದನ್ನು ಬಿಡಿಸಲು ಹತ್ತು ಗಂಡಸರು ಸೇರಬೇಕು, ಟಗರಿನ ಕೊಂಬಿನ ಕಹಳೆ ಊದಬೇಕು, ಹೆಸರೇನು ಊರೇನು ಎಂದು ವಿಚಾರಣೆ ಮಾಡಬೇಕು. ಹೋಗುವಾಗ ಅದು ಕಾಲಿನ ಕಿರುಬೆರಳಿನಿಂದ ಹೊರಬೀಳುತ್ತದೆ. ಈ ವಿಚಾರಣೆಯನ್ನು ನ್ಯೂಯಾರ್ಕಿಗೆ ತಂದರೆ ಸೊಗಸಾದ ಗೊಂದಲ ಹುಟ್ಟುತ್ತದೆ. ಅಲ್ಲಿ ಒಂದೊಂದು ಹಳೆಯ ಊರಿನವರದ್ದೂ ಒಂದೊಂದು ಸಂಘ. ಕಾಯಿಲೆಗೆ ನೆರವು ಕೊಡುವುದು, ಸತ್ತರೆ ಹೂಳಲು ಜಾಗ ಕೊಂಡಿಡುವುದು ಆ ಸಂಘದ ಕೆಲಸ. ದಿಬ್ಬುಕ್ ತನ್ನ ಊರಿನ ಹೆಸರು ಹೇಳಿದ ಕೂಡಲೆ, ‘ಇವನು ನಮ್ಮವನಲ್ಲ, ಚಂದಾ ಕಟ್ಟಿಲ್ಲ’ ಎಂದು ಖಜಾಂಚಿ ತಗಾದೆ ತೆಗೆಯುವುದನ್ನು ಯೋಚಿಸಿ.

ಮೃತ್ಯುದೂತನ ಮೈತುಂಬ ಕಣ್ಣುಗಳು ಎನ್ನುತ್ತದೆ ತಾಲ್ಮೂದ್. ಅವನನ್ನು ದಾರಿ ತಪ್ಪಿಸಲು ಕಾಯಿಲೆ ಬಿದ್ದ ಮಗುವಿಗೆ ‘ಮುದುಕ’ ಎಂದು ಅರ್ಥ ಬರುವ ಆಲ್ಟರ್ ಎಂಬ ಹೆಸರಿಟ್ಟು ಕರೆಯುತ್ತಿದ್ದರು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಮಗುವಿಗೆ ತಿಪ್ಪಣ್ಣ, ತಿಪ್ಪಮ್ಮ ಎಂದು ಹೆಸರಿಟ್ಟ ನಮ್ಮ ಹಳ್ಳಿಗಳ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈಗ ಆ ಆಲ್ಟರ್ ಎಲ್ಲಿಸ್ ದ್ವೀಪದ ಸಾಲಿನಲ್ಲಿ ನಿಂತಿದ್ದಾನೆ. ಎದುರಿಗೆ ರೆಪ್ಪೆ ಮಗುಚುವ ಕಣ್ಣಿನ ವೈದ್ಯ. ನಿಜವಾದ ಹೆಸರು ಹೇಳಿದರೆ ಮೃತ್ಯುದೂತನಿಗೆ ಸುಳಿವು, ಹೇಳದಿದ್ದರೆ ಪಟ್ಟಿಗೆ ತಾಳೆಯಾಗುವುದಿಲ್ಲ. ಇದೊಂದೇ ಒಂದು ಕಾದಂಬರಿಗೆ ಸಾಕು.

ಇನ್ನೊಂದು ಆಚರಣೆ ನನಗೆ ಬಹಳ ಇಷ್ಟ. ಹಳೆಯ ಊರುಗಳಲ್ಲಿ ಕೆಲವು ಹೆಂಗಸರು ಸ್ಮಶಾನಕ್ಕೆ ಹೋಗಿ ಸಮಾಧಿಗಳ ಸುತ್ತ ದಾರ ಎಳೆದು ಅಳೆಯುತ್ತಿದ್ದರು. ಸತ್ತವರ ಹೆಸರು ಹೇಳುತ್ತ, ಅಳುತ್ತ, ಪ್ರಾರ್ಥಿಸುತ್ತ ದಾರ ಸುತ್ತಿಕೊಂಡು ಬಂದು, ಅದನ್ನೇ ಬತ್ತಿಯಾಗಿ ಹೊಸೆದು, ಯೋಮ್ ಕಿಪ್ಪುರ್ ಎಂಬ ಪ್ರಾಯಶ್ಚಿತ್ತದ ಹಬ್ಬಕ್ಕೆ ಮೇಣದ ಬತ್ತಿ ಮಾಡುತ್ತಿದ್ದರು. ಅಜ್ಜ ಅಜ್ಜಿಯರ ಸಮಾಧಿಗಳೆಲ್ಲ ಸಮುದ್ರದಾಚೆ ಉಳಿದವು. ಅಳೆದ ದಾರದ ಒಂದು ಉಂಡೆ ಮಾತ್ರ ಗರಿತುಂಬಿದ ಹಾಸಿಗೆಯೊಳಗೆ ಸೇರಿ ಅಮೆರಿಕಕ್ಕೆ ಬಂತು ಎಂದಿಟ್ಟುಕೊಳ್ಳಿ. ವರ್ಷಕ್ಕೆ ಒಂದು ಬತ್ತಿ. ಉಂಡೆ ಕರಗುತ್ತಿದೆ. ಇದರಲ್ಲಿ ದೆವ್ವವೇ ಇಲ್ಲ, ಆದರೂ ಇದು ಫ್ಯಾಂಟಸಿಯೇ.

ಪ್ರವಾದಿ ಎಲಿಯಾಹುವನ್ನು ತರುವುದಾದರೆ ಭಿಕ್ಷುಕನಾಗಿಯೋ ದಾರಿಹೋಕನಾಗಿಯೋ ತನ್ನಿ, ಗುರುತು ಸಿಗುವಷ್ಟರಲ್ಲಿ ಮಾಯವಾಗಲಿ. ಹಾಗೆಯೇ ಆತ ಕಥೆಗಳಲ್ಲಿ ಬರುವುದು. ನಮ್ಮ ಪಕ್ಕದ ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳೂ ಎಲಿಯಾಹುವಿನ ಪರಮ ಭಕ್ತರು. ಅಲಿಬಾಗ್ ಬಳಿಯ ಬಂಡೆಯ ಮೇಲೆ ಆತನ ರಥದ ಗುರುತಿದೆ ಎಂದು ನಂಬುತ್ತಾರೆ, ಅವಲಕ್ಕಿ, ತೆಂಗಿನಕಾಯಿ, ಹಣ್ಣು ಸೇರಿಸಿದ ಮಲೀದಾ ಅರ್ಪಿಸುತ್ತಾರೆ. ಆದರೆ ಅದನ್ನು ತಂದು ಆರ್ಚರ್ಡ್ ಸ್ಟ್ರೀಟಿನ ಮೇಜಿನ ಮೇಲೆ ಇಡಬೇಡಿ. ಅದು ಬೇರೆಯೇ ಸಮುದಾಯ, ಬೇರೆಯೇ ಕಾದಂಬರಿ, ಬರೆಯುವವರು ಬೇಕಾಗಿದ್ದಾರೆ.

ನಮ್ಮ ಮಾದರಿಗೆ ಬೇಕಾದದ್ದು ಶೇದ್ ಎಂಬ ದೆವ್ವ. ಬಹುವಚನ ಶೇದಿಮ್. ತಾಲ್ಮೂದ್ ಹೇಳುವಂತೆ ಇವು ಮೂರು ವಿಷಯದಲ್ಲಿ ದೇವದೂತರ ಹಾಗೆ: ರೆಕ್ಕೆ ಇದೆ, ಜಗತ್ತಿನ ಈ ತುದಿಯಿಂದ ಆ ತುದಿಗೆ ಹಾರುತ್ತವೆ, ಮುಂದೆ ಆಗುವುದು ಗೊತ್ತು. ಮೂರು ವಿಷಯದಲ್ಲಿ ಮನುಷ್ಯರ ಹಾಗೆ: ತಿಂದು ಕುಡಿಯುತ್ತವೆ, ಮಕ್ಕಳನ್ನು ಹೆರುತ್ತವೆ, ಸಾಯುತ್ತವೆ. ಅವುಗಳ ಜಾಡು ನೋಡಬೇಕಾದರೆ ಜರಡಿ ಹಿಡಿದ ಬೂದಿಯನ್ನು ಹಾಸಿಗೆಯ ಸುತ್ತ ಹರಡಬೇಕು, ಬೆಳಿಗ್ಗೆ ಹುಂಜದ ಪಾದದ ಗುರುತು ಕಾಣುತ್ತದೆ. ಸಮಸಂಖ್ಯೆಯಲ್ಲಿ ಲೋಟ ಎತ್ತಿದರೆ ಅವುಗಳಿಂದ ಅಪಾಯ ಎಂಬ ನಂಬಿಕೆಯೂ ಇತ್ತು. ಪೊಜ್ನಾನ್ ಕಥೆಯಲ್ಲಿ ಅವುಗಳ ವಾದ ಹೀಗಿತ್ತು: ಆ ಮನೆಯಲ್ಲಿ ಹಿಂದೆ ಇದ್ದ ಅಕ್ಕಸಾಲಿಗನಿಗೆ ಹೆಣ್ಣು ದೆವ್ವವೊಂದರಲ್ಲಿ ಮಕ್ಕಳಾಗಿದ್ದವು, ಅವನ ಮನುಷ್ಯ ಸಂತತಿ ಅಳಿದುಹೋಯಿತು, ಆದ್ದರಿಂದ ನೆಲಮಾಳಿಗೆ ಪಿತ್ರಾರ್ಜಿತವಾಗಿ ನಮ್ಮದು. ನ್ಯಾಯಪೀಠ ಒಪ್ಪಲಿಲ್ಲ. ಮನೆ ದುಡ್ಡು ಕೊಟ್ಟು ಕೊಂಡವರದು, ನಿಮ್ಮ ಜಾಗ ಕಾಡುಮೇಡು ಎಂದು ತೀರ್ಪಿತ್ತಿತು. ದೆವ್ವಗಳು ಆ ತೀರ್ಪಿಗೆ ತಲೆಬಾಗಿ ಹೊರಟುಹೋದವು. ಇಡೀ ಕಥೆಯ ಸ್ವಾರಸ್ಯ ಇರುವುದೇ ಈ ತಲೆಬಾಗುವಿಕೆಯಲ್ಲಿ.

ಎರಡು ಕಾನೂನುಗಳನ್ನು ಡಿಕ್ಕಿ ಹೊಡೆಸಿ

ಪೊಜ್ನಾನ್‌ನಲ್ಲಿ ರಬ್ಬಿಗಳ ಮಾತಿಗೆ ಬೆಲೆ ಇತ್ತು. ನ್ಯೂಯಾರ್ಕಿನಲ್ಲಿ? ಅಲ್ಲಿನ ಸಂಪ್ರದಾಯಸ್ಥರು 1888ರಲ್ಲಿ ವಿಲ್ನಾದಿಂದ ಜೇಕಬ್ ಜೋಸೆಫ್ ಎಂಬ ವಿದ್ವಾಂಸರನ್ನು ಮುಖ್ಯ ರಬ್ಬಿಯಾಗಿ ಕರೆಸಿಕೊಂಡರು. ಯಾರೂ ಅವರ ಮಾತು ಕೇಳಲಿಲ್ಲ, 1902ರಲ್ಲಿ ತೀರಿಕೊಂಡರು. ಆ ಕಾಲದ್ದೊಂದು ನಗೆಮಾತಿದೆ. ಬಾಗಿಲಿಗೆ ‘ಅಮೆರಿಕದ ಮುಖ್ಯ ರಬ್ಬಿ’ ಎಂದು ಬೋರ್ಡು ಹಾಕಿಕೊಂಡವರನ್ನು, ‘ನಿಮ್ಮನ್ನು ಮುಖ್ಯ ರಬ್ಬಿ ಮಾಡಿದ್ದು ಯಾರು?’ ಎಂದು ಕೇಳಿದರೆ, ‘ಬೋರ್ಡು ಬರೆದವನು’ ಎಂದರಂತೆ.

ಹಾಗಾದರೆ ಆರ್ಚರ್ಡ್ ಸ್ಟ್ರೀಟಿನ ನೆಲಮಾಳಿಗೆಯ ಶೇದ್ ಯಾರ ತೀರ್ಪಿಗೆ ಬಗ್ಗಬೇಕು? ಕಾಡುಮೇಡಿಗೆ ಹೋಗು ಎಂದರೆ ಲೋವರ್ ಈಸ್ಟ್ ಸೈಡ್‌ನಲ್ಲಿ ಕಾಡು ಎಲ್ಲಿದೆ? ಅಷ್ಟರಲ್ಲಿ ಬಾಡಿಗೆ ಕಟ್ಟದ ಕುಟುಂಬಗಳಿಗೆ ಮುನಿಸಿಪಲ್ ಕೋರ್ಟಿನಿಂದ ಮನೆ ಖಾಲಿ ಮಾಡಿಸುವ ನೋಟಿಸ್ ಬರುತ್ತಿದೆ, ಇಂಗ್ಲಿಷಿನಲ್ಲಿ. ಅಪ್ಪನಿಗೆ ಓದಲು ಬಾರದು. ಭವಿಷ್ಯ ಬಲ್ಲ ದೆವ್ವಕ್ಕೂ ಇಂಗ್ಲಿಷ್ ಬಾರದು. ಓದಬಲ್ಲವಳು ಶಾಲೆಗೆ ಹೋಗುವ ಫೇಗೆ ಒಬ್ಬಳೇ. ವಲಸಿಗ ಮನೆಗಳಲ್ಲಿ ಮಕ್ಕಳೇ ದುಭಾಷಿಗಳಾಗಿದ್ದದ್ದು ಚರಿತ್ರೆಯ ಸತ್ಯ. ಆ ಸತ್ಯವೇ ಇಲ್ಲಿ ಹನ್ನೆರಡು ವರ್ಷದವಳಿಗೆ ಶಕ್ತಿ ಕೊಡುತ್ತದೆ. ಮಂತ್ರದಂಡದ ಖರ್ಚು ಉಳಿಯಿತು.

ಬರೆಯುವಾಗ ದೆವ್ವದ ಕಟ್ಟುಪಾಡು ದಿನದ ಕೆಲಸದೊಳಗೆ ಬೆರೆಯಲಿ. ಒಂದು ತುಣುಕು ಹೀಗಿರಬಹುದು:

*ಗುರುವಾರ ರಾತ್ರಿಯೇ ಆಗಬೇಕಿತ್ತು. ನಾಳೆ ಸೂರ್ಯ ಮುಳುಗಿದರೆ ಶಾಬ್ಬೆಸ್, ಜರಡಿ ಹಿಡಿಯುವ ಹಾಗಿಲ್ಲ. ಫೇಗೆ ಒಲೆಯ ಬೂದಿಯನ್ನು ಹಿಟ್ಟಿನ ಜರಡಿಗೆ ಸುರಿದಳು. ಅಮ್ಮ ನೋಡಿದರೆ ಜರಡಿಯ ಜೊತೆ ತನ್ನನ್ನೂ ಹೊರಗೆಸೆಯುತ್ತಾಳೆ. ಬೋರ್ಡರ್ ಗೊರಕೆ ಹೊಡೆಯುತ್ತಿದ್ದ. ಅವನ ಕಾಲ ಬುಡದಿಂದ ನೆಲಮಾಳಿಗೆಯ ಬಾಗಿಲವರೆಗೆ ಬೂದಿ ಹರಡಿ ಮಲಗಿದಳು.*

*ಬೆಳಿಗ್ಗೆ ಮೂರು ಬೆರಳಿನ ಹೆಜ್ಜೆಗಳು ಸಾಲಾಗಿ ಬಿದ್ದಿದ್ದವು. ‘ಪಕ್ಕದ ಮನೆಯವರು ಶಾಬ್ಬೆಸ್‌ಗೆ ತಂದ ಕೋಳಿ ತಪ್ಪಿಸಿಕೊಂಡಿರಬೇಕು,’ ಎಂದ ಬೋರ್ಡರ್. ಇರಬಹುದು. ಆದರೆ ಹೆಜ್ಜೆಗಳು ಬಾಗಿಲಿನಿಂದ ಬಂದು ಗೋಡೆಯವರೆಗೆ ಹೋಗಿದ್ದವು. ಗೋಡೆಯ ಮೇಲೂ ಹೋಗಿದ್ದವು.*

ಜರಡಿ ಹಿಡಿಯುವುದು ಶಾಬ್ಬೆಸ್, ಅಂದರೆ ಶಬ್ಬತ್ ಎಂಬ ವಾರದ ವಿಶ್ರಾಂತಿಯ ದಿನ ನಿಷಿದ್ಧವಾದ 39 ಬಗೆಯ ಕೆಲಸಗಳಲ್ಲಿ ಒಂದು. ಆ ಒಂದು ನಿಯಮ ಗೊತ್ತಿದ್ದರಿಂದ ದೃಶ್ಯಕ್ಕೆ ಗಡುವು ಸಿಕ್ಕಿತು. ಕಲ್ಲಿದ್ದಲ ಒಲೆ ಇದ್ದುದರಿಂದ ಬೂದಿ ಸಿಕ್ಕಿತು. ಯಾವುದನ್ನೂ ವಿವರಿಸಲು ನಿಲ್ಲಬೇಕಾಗಲಿಲ್ಲ.

ಮಾತಿನ ಬಗೆ

ಆ ಮನೆಗಳ ಮಾತು ಯಿದ್ದಿಶ್, ಪ್ರಾರ್ಥನೆಯ ಭಾಷೆ ಹೀಬ್ರೂ, ಶಾಲೆಯದು ಇಂಗ್ಲಿಷ್. ಫೇಗೆಯ ಅಮ್ಮ ಯಿದ್ದಿಶ್ ಆಡುವಾಗ ತೊದಲುವುದಿಲ್ಲ. ಅದು ಅವಳ ತಾಯ್ನುಡಿ. ಆದ್ದರಿಂದ ಅವಳಿಗೆ ನಿಮ್ಮ ಮನೆಯ ಕನ್ನಡ ಕೊಡಿ, ಧಾರವಾಡದ್ದೋ ಮಂಡ್ಯದ್ದೋ ಕುಂದಾಪುರದ್ದೋ. ಅಧಿಕಾರಿಯ ಇಂಗ್ಲಿಷಿಗೆ ಸುತ್ತೋಲೆಯ ಕನ್ನಡ ಹಾಕಿ. ‘ತಮಗೆ ಇಲ್ಲಿ ಉದ್ಯೋಗದ ಬಗ್ಗೆ ಯಾವುದೇ ಪೂರ್ವಭಾವಿ ಭರವಸೆ ನೀಡಲಾಗಿದೆಯೇ?’ ‘ಏನಂತಾನವಾ ಇಂವಾ, ಬಾಯಾಗ ಬಟಾಟಿ ಇಟ್ಕೊಂಡಂಗ ಮಾತಾಡ್ತಾನ?’ ಯಾರು ಹೊರಗಿನವರು ಎಂದು ಓದುಗರಿಗೆ ಕಿವಿಯಲ್ಲೇ ಗೊತ್ತಾಗುತ್ತದೆ.

ರಬ್ಬಿಯನ್ನು ಪೂಜಾರಿ ಎಂದೋ ಪಾದ್ರಿ ಎಂದೋ ಬರೆಯಬೇಡಿ. ಅವರು ಶಾಸ್ತ್ರ ಓದಿದ ಗುರು, ನ್ಯಾಯ ಹೇಳುವವರು. ಯಿದ್ದಿಶ್ ಪದಗಳನ್ನು ಉಪ್ಪಿನಷ್ಟೇ ಬಳಸಿ, ಅರ್ಥವನ್ನು ಸಂದರ್ಭವೇ ಹೇಳಲಿ. ಹಬ್ಬಗಳ ದಿನಾಂಕವನ್ನು ಊಹಿಸಬೇಡಿ. ಅಧಿಕ ಮಾಸವಿರುವ ಪಂಚಾಂಗ ಅದು, ವರ್ಷವರ್ಷ ತಾರೀಖು ಸರಿಯುತ್ತದೆ. ಹೀಬ್ರೂ ತಾರೀಖು ಬದಲಿಸಿ ತೋರಿಸುವ ಸೌಲಭ್ಯ ಅಂತರ್ಜಾಲದಲ್ಲೇ ಸಿಗುತ್ತದೆ. ದಿನ ಶುರುವಾಗುವುದು ಸೂರ್ಯಾಸ್ತಕ್ಕೆ ಎಂಬುದೂ ನೆನಪಿರಲಿ.

ದಾಟಬಾರದ ಗೆರೆಗಳು

ಮನುಷ್ಯರು ಮಾಡಿದ ಅಪರಾಧವನ್ನು ದೆವ್ವದ ತಲೆಗೆ ಕಟ್ಟಬೇಡಿ. ಕಿಶಿನೇವ್‌ನಲ್ಲಿ ಕೊಂದವರು ನೆರೆಹೊರೆಯ ಜನ, ಕ್ರೈಸ್ತ ಹುಡುಗನನ್ನು ಯಹೂದಿಗಳು ರಕ್ತಕ್ಕಾಗಿ ಕೊಂದರೆಂಬ ಸುಳ್ಳು ನಂಬಿ ಎದ್ದವರು. ಟ್ರಯಾಂಗಲ್‌ನಲ್ಲಿ ಹುಡುಗಿಯರು ಸತ್ತದ್ದು ಬಾಗಿಲಿಗೆ ಬೀಗ ಹಾಕಿದ್ದರಿಂದ, ಯಾವ ಶಾಪದಿಂದಲೂ ಅಲ್ಲ. ಅಲ್ಲಿ ಮಾಂತ್ರಿಕ ಕಾರಣ ತೂರಿಸಿದರೆ ಬೀಗ ಹಾಕಿದವರು ತಪ್ಪಿಸಿಕೊಂಡಂತೆ. ಹಾಗೆಯೇ ದೆವ್ವ ಬಂದು ಸತ್ತವರನ್ನು ಬದುಕಿಸುವುದೂ ಬೇಡ. ಶೇದ್‌ಗೆ ಭವಿಷ್ಯ ಗೊತ್ತು, ತಡೆಯುವ ಶಕ್ತಿ ಇಲ್ಲ ಎಂದು ಇಟ್ಟುಕೊಂಡರೆ ಕಥೆಗೂ ಒಳ್ಳೆಯದು.

ಕೊಕ್ಕೆಮೂಗಿನ, ಚಿನ್ನ ಕೂಡಿಡುವ ಕುಬ್ಜರು, ಮಕ್ಕಳನ್ನು ಕದಿಯುವ ಗುಪ್ತ ಪಂಗಡ, ಇವೆಲ್ಲ ಫ್ಯಾಂಟಸಿಯೊಳಗೆ ಸೇರಿಕೊಂಡಿರುವ ಯಹೂದಿ ದ್ವೇಷದ ಹಳೆಯ ಚಿತ್ರಗಳು. ತಿಳಿಯದೆಯೇ ಕೈಗೆ ಬಂದುಬಿಡುತ್ತವೆ. ಬಾಡಿಗೆ ಕಥೆಯಲ್ಲಂತೂ ಅಪಾಯ ಹೆಚ್ಚು. ಮನೆಮಾಲೀಕರಲ್ಲೂ ಗುತ್ತಿಗೆದಾರರಲ್ಲೂ ಹಲವರು ಯಹೂದಿ ವಲಸಿಗರೇ ಆಗಿದ್ದರು. ಇಡೀ ಕಟ್ಟಡವನ್ನು ಗುತ್ತಿಗೆಗೆ ಹಿಡಿದು ಬಿಡಿಬಿಡಿಯಾಗಿ ಬಾಡಿಗೆಗೆ ಕೊಡುವವನ ಕುತ್ತಿಗೆಗೂ ಸಾಲದ ಹಗ್ಗವಿತ್ತು. ಅವನಿಗೊಂದು ಮನೆ, ಹೆಂಡತಿ, ನಿದ್ದೆ ಬಾರದ ರಾತ್ರಿ ಕೊಡಿ. ಅವನ ಮಗ ಫೇಗೆಯ ತರಗತಿಯಲ್ಲೇ ಕೂರಲಿ.

ಸಾಮಗ್ರಿ ಎಲ್ಲಿ ಹುಡುಕುವುದು

ಎಲ್ಲಿಸ್ ದ್ವೀಪದ ಪ್ರಯಾಣಿಕರ ಪಟ್ಟಿಗಳು ಅಂತರ್ಜಾಲದಲ್ಲಿ ಹುಡುಕಲು ಸಿಗುತ್ತವೆ. ಒಂದು ಪುಟ ತೆರೆದು ವಯಸ್ಸು, ಕಸುಬು, ಯಾರ ಬಳಿ ಹೋಗುತ್ತಿದ್ದಾರೆ ಎಂಬ ಕಾಲಂಗಳನ್ನು ಓದಿ, ಪಾತ್ರಗಳು ತಾವೇ ಏಳುತ್ತವೆ. 1897ರಲ್ಲಿ ಶುರುವಾದ ‘ಫೋರ್ವರ್ಟ್ಸ್’ ಎಂಬ ಯಿದ್ದಿಶ್ ಪತ್ರಿಕೆ 1906ರಿಂದ ಓದುಗರ ಕಷ್ಟಸುಖದ ಪತ್ರಗಳಿಗೆ ಉತ್ತರ ಕೊಡುವ ಅಂಕಣ ನಡೆಸಿತು. ಹೆಂಡತಿ ಮಕ್ಕಳನ್ನು ಬಿಟ್ಟು ಓಡಿದ ಗಂಡಂದಿರ ಫೋಟೋಗಳನ್ನೂ ಅಚ್ಚು ಹಾಕುತ್ತಿತ್ತು. ಆ ಪತ್ರಗಳು ಇಂಗ್ಲಿಷಿನಲ್ಲಿ ದೊರೆಯುತ್ತವೆ. ಜಾನಪದಕ್ಕೆ ಎಸ್. ಆನ್‌ಸ್ಕಿ 1912ರಿಂದ 1914ರವರೆಗೆ ವೊಲ್ಹೀನಿಯಾ, ಪೊಡೋಲಿಯಾ ಸೀಮೆಯ ಊರೂರು ಸುತ್ತಿ ಮಾಡಿದ ಸಂಗ್ರಹಕ್ಕಿಂತ ದೊಡ್ಡ ಗಣಿ ಇಲ್ಲ. ಹುಟ್ಟಿನಿಂದ ಸಾವಿನವರೆಗೆ ಅವರ ತಂಡ ತಯಾರಿಸಿದ ಪ್ರಶ್ನಾವಳಿಯಲ್ಲೇ 2,087 ಪ್ರಶ್ನೆಗಳಿವೆ. ಪ್ರಶ್ನೆಗಳನ್ನು ಓದಿದರೂ ಸಾಕು, ಕಥೆ ಹೊಳೆಯುತ್ತದೆ. ಹಳೆಯ ಫೋಟೋಗಳನ್ನು ಮಾತ್ರ ಎಚ್ಚರದಿಂದ ನೋಡಿ. ವಠಾರಗಳ ಕತ್ತಲೆಯನ್ನು ಸೆರೆಹಿಡಿದ ಜೇಕಬ್ ರೀಸ್ ತನ್ನ ಬರಹದಲ್ಲಿ ಯಹೂದಿಗಳ ಬಗ್ಗೆ ಕೊಂಕು ಮಾತುಗಳನ್ನೂ ಆಡಿದ್ದಾನೆ.

ಕರಡು ಮುಗಿದ ಮೇಲೆ ಇಬ್ಬರಿಗೆ ಓದಲು ಕೊಡಿ. ಒಬ್ಬರು ಆ ಸಂಪ್ರದಾಯ ಬಲ್ಲ ಯಹೂದಿ ಓದುಗರು. ಕನ್ನಡ ಬಾರದಿದ್ದರೆ ಅಧ್ಯಾಯಗಳ ಸಾರವನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಿ. ಇನ್ನೊಬ್ಬರು ಹನ್ನೊಂದು ಹನ್ನೆರಡು ವರ್ಷದ ಯಾರಾದರೂ. ಆ ಮಗುವನ್ನು ‘ಕಥೆ ಹೇಗಿದೆ’ ಎಂದು ಕೇಳಬೇಡಿ, ಚೆನ್ನಾಗಿದೆ ಎಂದುಬಿಡುತ್ತದೆ. ‘ನಮ್ಮ ಶೇದ್ ಏನು ಮಾಡಲಾರದು?’ ಎಂದು ಕೇಳಿ. ಮೂರು ಉತ್ತರ ತಟ್ಟನೆ ಬಂದರೆ ನಿಮ್ಮ ಕಟ್ಟುಪಾಡು ಗಟ್ಟಿಯಾಗಿದೆ. ತಡವರಿಸಿದರೆ ಎರಡನೇ ಅಧ್ಯಾಯಕ್ಕೆ ವಾಪಸ್ ಹೋಗಿ.

ಯಾವುದು ನಡೆದದ್ದು, ಯಾವುದು ಹಳೆಯ ಗ್ರಂಥದ ಕಥೆ, ಯಾವುದು ನಿಮ್ಮ ಕಲ್ಪನೆ ಎಂದು ಒಂದು ಪುಟದ ಟಿಪ್ಪಣಿ ಬರೆಯಿರಿ. ಮುಷ್ಕರ ನಿಜ, ಪೊಜ್ನಾನ್ ದಾವೆ ಗ್ರಂಥದ್ದು, ಫೇಗೆ ನಿಮ್ಮವಳು. ಆ ಪುಟವನ್ನು ಪುಸ್ತಕದ ಕೊನೆಗೆ ಹಾಕಿಸಿ. ಮೊದಲಿಗೆ ಹಾಕೋಣ ಎಂದು ಪ್ರಕಾಶಕರು ಹೇಳಿದರೆ ಒಪ್ಪಬೇಡಿ.